ರಣಭೂಮಿಯಲ್ಲಿ ಮೂರು ದಿನ

ಪ್ರವಾಸಕ್ಕೆ ಹೊರಡುವವನು ಸಾಮಾನ್ಯವಾಗಿ ಚೆಲುವನ್ನು ಅರಸಿ ಹೊರಡುತ್ತಾನೆ. ಪುಣ್ಯವನ್ನು ಅರಸಿ ಹೊರಡುವವನು ಯಾತ್ರಿಕನೆನಿಸುತ್ತಾನೆ. ಇವೆರಡಕ್ಕೂ ಸೇರದ ಮೂರನೆಯ ಬಗೆಯ ಪಯಣವೊಂದುಂಟು. ಅಲ್ಲಿ ನೋಡಲು ಜಲಪಾತವಿಲ್ಲ. ಹರಕೆ ಹೊರಲು ದೇವಾಲಯವಿಲ್ಲ. ಇರುವುದು ಬಯಲು, ಬಯಲಿನ ನಡುವೆ ಸಾಲುಸಾಲಾಗಿ ನಿಂತ ಕಲ್ಲುಗಳು, ಕಲ್ಲುಗಳ ಮೇಲೆ ಹೆಸರುಗಳು. 1914ರಿಂದ 1918ರವರೆಗೆ ನಡೆದ ಮೊದಲನೆಯ ಮಹಾಯುದ್ಧದ ಪಶ್ಚಿಮ ರಣರಂಗವು ಇಂತಹ ನೆಲ. ಬೆಲ್ಜಿಯಮ್ಮಿನ ಕಡಲತೀರದಿಂದ ಸ್ವಿಟ್ಜರ್ಲೆಂಡಿನ ಗಡಿಯವರೆಗೆ, ಸುಮಾರು ಏಳು ನೂರು ಕಿಲೋಮೀಟರುಗಳ ಉದ್ದಕ್ಕೂ ಎರಡು ಪಕ್ಷಗಳ ಸೈನ್ಯಗಳು ಕಂದಕಗಳನ್ನು ತೋಡಿಕೊಂಡು ನಾಲ್ಕು ವರ್ಷ ಎದುರುಬದುರಾಗಿ ನಿಂತಿದ್ದವು. 2023ರಲ್ಲಿ ಯುನೆಸ್ಕೊ ಸಂಸ್ಥೆಯು ಈ ರಣರಂಗದ 139 ಸಮಾಧಿಸ್ಥಳಗಳನ್ನೂ ಸ್ಮಾರಕಗಳನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅವುಗಳನ್ನು ಕಾಣಲು ದೂರದೇಶದಿಂದ ಬರುವವನ ಕೈಯಲ್ಲಿ ಮೂರೇ ದಿನಗಳ ಬಿಡುವು ಇದೆಯೆಂದಾದರೆ ಅವನು ಯಾವುದನ್ನು ನೋಡಬೇಕು, ಯಾವುದನ್ನು ಬಿಡಬೇಕು? ಪ್ರಶ್ನೆಯು ಕೇವಲ ಪ್ರಯಾಣದ ಅನುಕೂಲಕ್ಕೆ ಸಂಬಂಧಿಸಿದುದೆಂದು ಮೇಲುನೋಟಕ್ಕೆ ತೋರಬಹುದು. ವಾಸ್ತವವಾಗಿ ಅದು ಸತ್ತವರನ್ನು ಬದುಕಿರುವವರು ಹೇಗೆ ನೆನೆಯಬೇಕೆಂಬ ಪ್ರಶ್ನೆಯೇ ಆಗಿದೆ.

ಇಂತಹ ಪ್ರವಾಸವೇ ಸಲ್ಲದೆಂದು ಹೇಳುವವರೂ ಉಂಟು. ಲಕ್ಷಾಂತರ ತರುಣರು ನರಳಿ ಸತ್ತ ನೆಲದ ಮೇಲೆ ಕ್ಯಾಮರಾ ಹಿಡಿದು ತಿರುಗುವುದು ಇತರರ ದುಃಖವನ್ನು ವಿನೋದದ ವಸ್ತುವನ್ನಾಗಿ ಮಾಡಿಕೊಂಡಂತೆ ಎಂಬುದು ಅವರ ವಾದ. ಈ ವಾದದಲ್ಲಿ ತಿರುಳಿಲ್ಲದಿಲ್ಲ. ಆದರೆ ಅದರಿಂದ ಸಿದ್ಧವಾಗುವುದು ಇಷ್ಟೇ: ತಪ್ಪು ಇರುವುದು ಹೋಗುವುದರಲ್ಲಿ ಅಲ್ಲ, ಹೋಗುವ ರೀತಿಯಲ್ಲಿ. ಆ ಯುದ್ಧದಲ್ಲಿ ಹೋರಾಡಿದವರಲ್ಲಿ ಒಬ್ಬರೂ ಇಂದು ಬದುಕಿಲ್ಲ. ಅವರ ಬಾಯಿಂದ ನೇರವಾಗಿ ಕೇಳಿ ತಿಳಿಯುವ ಕಾಲ ಮುಗಿದುಹೋಗಿದೆ. ಉಳಿದಿರುವ ಸಾಕ್ಷಿಗಳೆಂದರೆ ಕಾಗದಪತ್ರಗಳು ಮತ್ತು ನೆಲ. ಕಾಗದವನ್ನು ಓದುವವನು ಸಂಖ್ಯೆಯನ್ನು ತಿಳಿಯುತ್ತಾನೆ. ನೆಲದ ಮೇಲೆ ನಡೆಯುವವನು ಆ ಸಂಖ್ಯೆಯ ಅರ್ಥವನ್ನು ತಿಳಿಯುತ್ತಾನೆ. ಸಮಾಧಿಗಳ ನಡುವೆ ಯಾರೂ ಕಾಲಿಡದೆಹೋದರೆ ಕೆಲವು ಪೀಳಿಗೆಗಳ ಬಳಿಕ ಯುದ್ಧವೆಂಬುದು ವಿಜಯೋತ್ಸವದ ಚಿತ್ರಗಳಲ್ಲಿ ಮಾತ್ರ ಉಳಿದೀತು. ಅದು ವಿನೋದದ ಪ್ರವಾಸಕ್ಕಿಂತಲೂ ಅಪಾಯಕರವಾದುದು.

ಹೋಗಬೇಕೆಂದು ನಿಶ್ಚಯಿಸಿದವನು ಮೊದಲು ಗೆಲ್ಲಬೇಕಾದುದು ಎಲ್ಲವನ್ನೂ ನೋಡಿಬಿಡಬೇಕೆಂಬ ಆಸೆಯನ್ನು. ಪಶ್ಚಿಮ ರಣರಂಗದ ಪ್ರಸಿದ್ಧ ಸ್ಥಳಗಳ ಪಟ್ಟಿ ದೀರ್ಘವಾದುದು. ಫ್ರಾನ್ಸಿನ ಸಾಮ್ ನದಿಯ ಪ್ರದೇಶದಲ್ಲಿ, 1916ರ ಜುಲೈ 1ರ ಒಂದೇ ದಿನದಲ್ಲಿ, ಬ್ರಿಟಿಷ್ ಸೈನ್ಯದ 19,000ಕ್ಕೂ ಹೆಚ್ಚು ಮಂದಿ ಮಡಿದರು. ಅಲ್ಲಿಯ ಥಿಯೆಪ್ವಾಲ್ ಸ್ಮಾರಕದ ಮೇಲೆ ದೇಹವೂ ದೊರಕದ 72,000ಕ್ಕೂ ಹೆಚ್ಚು ಸೈನಿಕರ ಹೆಸರುಗಳಿವೆ. ಅದನ್ನು ರೂಪಿಸಿದವರು ದೆಹಲಿಯ ಇಂಡಿಯಾ ಗೇಟನ್ನು ರೂಪಿಸಿದ ಎಡ್ವಿನ್ ಲುಟ್ಯೆನ್ಸ್ ಅವರೇ. ವರ್ದಾಂ ಎಂಬಲ್ಲಿ 1916ರ ಫೆಬ್ರವರಿಯಿಂದ ಡಿಸೆಂಬರ್‌ವರೆಗೆ ಫ್ರೆಂಚರೂ ಜರ್ಮನರೂ ಕಾದಾಡಿದರು. ಅಲ್ಲಿಯ ದುವೊಮೊಂ ಅಸ್ಥಿಮಂದಿರದಲ್ಲಿ ಗುರುತು ಸಿಕ್ಕದ ಸುಮಾರು 1,30,000 ಸೈನಿಕರ ಎಲುಬುಗಳು, ಇವನು ಫ್ರೆಂಚನು, ಇವನು ಜರ್ಮನನು ಎಂಬ ಭೇದವಿಲ್ಲದೆ ಒಂದಾಗಿ ಬಿದ್ದಿವೆ. ಇವೆಲ್ಲವೂ ನೋಡತಕ್ಕವೇ. ಆದರೆ ಈಪ್ರ ಪಟ್ಟಣದಿಂದ ವರ್ದಾಂಗೆ ಸುಮಾರು ಮುನ್ನೂರು ಕಿಲೋಮೀಟರುಗಳ ದೂರ. ಮೂರು ದಿನಗಳಲ್ಲಿ ಎಲ್ಲವನ್ನೂ ಸುತ್ತಬೇಕೆಂದು ಹೊರಟವನು ದಿನದ ಹೆಚ್ಚಿನ ಭಾಗವನ್ನು ಹೆದ್ದಾರಿಯ ಮೇಲೆ ಕಳೆದು, ಒಂದೊಂದು ಸ್ಮಾರಕದ ಮುಂದೆ ಹತ್ತು ನಿಮಿಷ ನಿಂತು ಮರಳುತ್ತಾನೆ. ಅವನ ಕಣ್ಣಿಗೆ ಎಲ್ಲ ಕಲ್ಲುಗಳೂ ಒಂದೇ ಬಗೆಯಾಗಿ ಕಾಣುತ್ತವೆ. ಹತ್ತನೆಯ ಸಮಾಧಿಸ್ಥಳವನ್ನು ಕಾಣುವ ಹೊತ್ತಿಗೆ ಅವನ ಮನಸ್ಸು ಮರಗಟ್ಟಿರುತ್ತದೆ. ದುಃಖವನ್ನು ಅರಿಯಲು ಹೋದವನು ದುಃಖಕ್ಕೆ ಒಗ್ಗಿಹೋಗುವುದಕ್ಕಿಂತ ದೊಡ್ಡ ಸೋಲು ಬೇರೆ ಯಾವುದಿದೆ?

ಆದುದರಿಂದ ಅಲ್ಪಕಾಲದ ಪ್ರವಾಸಿಯು ಒಂದು ಸಣ್ಣ ಪ್ರದೇಶವನ್ನು ಆರಿಸಿಕೊಂಡು, ಅದನ್ನು ಕಾಲ್ನಡಿಗೆಯಲ್ಲಿಯೂ ಸೈಕಲಿನಲ್ಲಿಯೂ ನಿಧಾನವಾಗಿ ನೋಡುವುದೇ ಮೇಲು. ಬೆಲ್ಜಿಯಮ್ಮಿನ ಈಪ್ರ ಪಟ್ಟಣ ಮತ್ತು ಅದರ ದಕ್ಷಿಣಕ್ಕೆ ಗಡಿಯಾಚೆ ಫ್ರಾನ್ಸಿನಲ್ಲಿರುವ ನ್ಯೂವ್ ಶಾಪೆಲ್ ಗ್ರಾಮ, ಇವೆರಡರ ನಡುವಣ ನೆಲ ಇದಕ್ಕೆ ತಕ್ಕುದಾಗಿದೆ. ಕದನದ ಗುರುತು, ಎರಡೂ ಪಕ್ಷಗಳ ಸಮಾಧಿ, ಭಾರತೀಯ ಸೈನಿಕರ ಸ್ಮಾರಕ, ಇವು ಮೂರೂ ಅಲ್ಲಿ ಹತ್ತಿರಹತ್ತಿರದಲ್ಲಿ ದೊರೆಯುತ್ತವೆ.

ಪ್ರಯಾಣದ ಸಿದ್ಧತೆಯು ಚೀಟಿ ಕೊಳ್ಳುವುದರಿಂದ ಆರಂಭವಾಗತಕ್ಕದ್ದಲ್ಲ. ಒಂದು ಹೆಸರನ್ನು ಆರಿಸಿಕೊಳ್ಳುವುದರಿಂದ ಆರಂಭವಾಗಬೇಕು. ಬ್ರಿಟಿಷ್ ಸಾಮ್ರಾಜ್ಯದ ಪರವಾಗಿ ಮಡಿದವರ ಸಮಾಧಿಗಳನ್ನು ನೋಡಿಕೊಳ್ಳಲು 1917ರಲ್ಲಿ ಆಯೋಗವೊಂದು ಸ್ಥಾಪನೆಯಾಯಿತು. ಇಂದು ಅದು ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗವೆನಿಸಿದೆ. ಅದರ ದಾಖಲೆಗಳು ಸಾರ್ವಜನಿಕರಿಗೆ ತೆರೆದಿವೆ. ಸೈನಿಕನ ಹೆಸರು, ಪಡೆ, ಮರಣದ ದಿನ, ಸಮಾಧಿಯ ಸಾಲು ಮತ್ತು ಸಂಖ್ಯೆಗಳನ್ನು ಅಲ್ಲಿ ನೋಡಬಹುದು. ಕೆಲವರ ವಿಷಯದಲ್ಲಿ ತಂದೆತಾಯಿಗಳ ಹೆಸರೂ ಊರೂ ಸಿಕ್ಕುತ್ತವೆ. ಒಬ್ಬ ಸೈನಿಕನ ವಿಷಯವನ್ನು ಮನೆಯಲ್ಲಿಯೇ ಓದಿ ತಿಳಿದುಕೊಂಡು, ಅವನ ಕಲ್ಲಿನ ಬಳಿಗೆ ಹೋಗಿ ನಿಲ್ಲುವವನಿಗೂ, ಏನನ್ನೂ ತಿಳಿಯದೆ ಸಾವಿರ ಕಲ್ಲುಗಳನ್ನು ದಾಟಿ ಹೋಗುವವನಿಗೂ ಬಹಳ ಅಂತರವಿದೆ. ಮೊದಲನೆಯವನು ಒಬ್ಬ ಮನುಷ್ಯನನ್ನು ಕಂಡು ಬರುತ್ತಾನೆ.

ಕಾಲದ ಆಯ್ಕೆಯಲ್ಲಿಯೂ ವಿವೇಕ ಬೇಕು. ಯುದ್ಧವು ನಿಂತ ನವೆಂಬರ್ 11ರಂದು ಅಲ್ಲಿ ಜನಸಂದಣಿ ಬಹಳ. ಭಾಷಣಗಳೂ ಪುಷ್ಪಚಕ್ರಗಳೂ ಆ ದಿನ ತಮ್ಮ ಸ್ಥಾನದಲ್ಲಿ ಯೋಗ್ಯವಾದುವೇ. ಆದರೆ ಏನೂ ವಿಶೇಷವಿಲ್ಲದ ಒಂದು ದಿನ, ಮಳೆ ಹನಿಯುವ ಮಾರ್ಚಿ ತಿಂಗಳಿನಲ್ಲೋ ಅಕ್ಟೋಬರಿನಲ್ಲೋ ಹೋದವನಿಗೆ ಆ ನೆಲ ತನ್ನ ನಿಜರೂಪವನ್ನು ತೋರುತ್ತದೆ. ಬೇಸಿಗೆಯ ಹಸುರು ಹೊಲವನ್ನು ಕಂಡು ಅಲ್ಲಿ ಮನುಷ್ಯರು ಕೆಸರಿನಲ್ಲಿ ಮುಳುಗಿ ಸತ್ತರೆಂದು ನಂಬುವುದು ಕಷ್ಟ. ಬೂಟಿಗೆ ಅಂಟಿದ ಕೆಸರನ್ನು ಬಿಡಿಸಲಾಗದೆ ನಿಂತಾಗ ನಂಬುವುದು ಸುಲಭ.

ಮೊದಲನೆಯ ದಿನವನ್ನು ಈಪ್ರ ಪಟ್ಟಣಕ್ಕೆ ಮೀಸಲಿಡಬೇಕು. ಬಟ್ಟೆಯ ವ್ಯಾಪಾರದಿಂದ ಮಧ್ಯಯುಗದಲ್ಲಿ ಸಿರಿವಂತವಾಗಿದ್ದ ಈ ಪಟ್ಟಣವನ್ನು ಜರ್ಮನ್ ಫಿರಂಗಿಗಳು ನಾಲ್ಕು ವರ್ಷಗಳಲ್ಲಿ ಕಲ್ಲಿನ ರಾಶಿಯನ್ನಾಗಿಸಿದವು. ಇಂದು ಕಾಣುವ ಭವ್ಯವಾದ ಬಟ್ಟೆಯಂಗಡಿ ಮಂದಿರವು ಹಳೆಯದರ ಪಡಿಯಚ್ಚಿನಂತೆ ಮರಳಿ ಕಟ್ಟಿದುದು. ಆ ಕೆಲಸ ಪೂರ್ತಿಯಾದುದು 1967ರಲ್ಲಿ. ಅದರೊಳಗೆ ಯುದ್ಧದ ವಸ್ತುಸಂಗ್ರಹಾಲಯವಿದೆ. ಪಟ್ಟಣದ ಹೊರಗೆ, ಕಾಲುವೆಯ ದಂಡೆಯ ಮೇಲೆ, ಎಸೆಕ್ಸ್ ಫಾರ್ಮ್ ಎಂಬ ಸಮಾಧಿಸ್ಥಳವಿದೆ. ಗಾಯಾಳುಗಳಿಗೆ ಮೊದಲ ಚಿಕಿತ್ಸೆ ನಡೆಯುತ್ತಿದ್ದ ಸ್ಥಳವದು. ಅಲ್ಲಿಯ ಒಂದು ಕಲ್ಲಿನ ಮೇಲೆ ಹೆಸರಿನ ಜೊತೆಗೆ ಸತ್ತವನ ವಯಸ್ಸನ್ನೂ ಕೆತ್ತಿದ್ದಾರೆ: ಹದಿನೈದು. ಅಂದರೆ ಒಂಬತ್ತನೆಯ ತರಗತಿಯಲ್ಲಿ ಓದುವ ಹುಡುಗನ ವಯಸ್ಸು. ಇಂಗ್ಲೆಂಡಿನಿಂದ ಬಂದ ಆ ಬಾಲಕನು 1916ರ ಜನವರಿಯಲ್ಲಿ ಸತ್ತನು. ಸೈನ್ಯಕ್ಕೆ ಸೇರಲು ವಯೋಮಿತಿಯಿದ್ದಿತು. ವಯಸ್ಸನ್ನು ಹೆಚ್ಚಿಸಿ ಹೇಳಿ ಸೇರಿದ ಹುಡುಗರೂ ಇದ್ದರು. ಅದನ್ನು ಕಂಡೂ ಕಾಣದಂತೆ ಸೇರಿಸಿಕೊಂಡ ಹಿರಿಯರೂ ಇದ್ದರು. ಆ ಕಲ್ಲಿನ ಮುಂದೆ ಯುದ್ಧದ ಕಾರಣಗಳ ಕುರಿತ ವಾದಗಳೆಲ್ಲ ಕೆಲಕಾಲ ಮೌನವಾಗುತ್ತವೆ.

ಅದೇ ಸಂಜೆ ಪ್ರವಾಸಿಯು ಮೆನಿನ್ ಗೇಟಿಗೆ ಬರಬೇಕು. ರಣರಂಗಕ್ಕೆ ಹೋಗುವ ಸೈನಿಕರು ಪಟ್ಟಣವನ್ನು ಬಿಟ್ಟುಹೊರಡುತ್ತಿದ್ದ ದಾರಿಗಳಲ್ಲಿ ಒಂದರ ಮೇಲೆ 1927ರಲ್ಲಿ ಈ ಮಹಾದ್ವಾರವು ಅನಾವರಣಗೊಂಡಿತು. ಅದರ ಗೋಡೆಗಳ ಮೇಲೆ ಸಮಾಧಿಯಿಲ್ಲದ 54,000ಕ್ಕೂ ಹೆಚ್ಚು ಸೈನಿಕರ ಹೆಸರುಗಳಿವೆ. ಅವುಗಳಲ್ಲಿ ಭಾರತೀಯರ ಹೆಸರುಗಳೂ ಸೇರಿವೆ. ಪ್ರತಿದಿನ ರಾತ್ರಿ ಎಂಟು ಗಂಟೆಗೆ ವಾಹನಗಳನ್ನು ತಡೆದು, ಆ ಕಮಾನಿನ ಕೆಳಗೆ ಕಹಳೆಯವರು ಅಂತಿಮ ವಂದನೆಯ ಕಹಳೆಯನ್ನು ಊದುತ್ತಾರೆ. 1928ರಲ್ಲಿ ಆರಂಭವಾದ ಈ ಪದ್ಧತಿ ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಪಟ್ಟಣವನ್ನು ಹಿಡಿದಿದ್ದ ಕಾಲದಲ್ಲಿ ಅಲ್ಲಿ ನಿಂತುಹೋಗಿತ್ತು. 1944ರ ಸೆಪ್ಟೆಂಬರ್ 6ರಂದು ಪೋಲಿಷ್ ಸೈನ್ಯವು ಪಟ್ಟಣವನ್ನು ಬಿಡುಗಡೆ ಮಾಡಿದ ಸಂಜೆಯೇ ಕಹಳೆ ಮತ್ತೆ ಮೊಳಗಿತು. ಇದನ್ನು ನಡೆಸಿಕೊಂಡು ಬರುತ್ತಿರುವವರು ದೊಡ್ಡ ಅಧಿಕಾರಿಗಳಲ್ಲ, ಆ ಊರಿನ ಜನ. ತಮ್ಮ ನೆಲದಲ್ಲಿ ಸತ್ತ ಪರದೇಶದವರಿಗೆ ದಿನವೂ ಕೆಲವು ನಿಮಿಷಗಳನ್ನು ಕೊಡುವುದು ತಮ್ಮ ಕರ್ತವ್ಯವೆಂದು ಅವರು ಬಗೆದಿದ್ದಾರೆ. ಕೃತಜ್ಞತೆಯು ಒಂದು ದಿನದ ಉತ್ಸವವಲ್ಲ, ನಿತ್ಯದ ನಡೆ ಎಂಬುದನ್ನು ಕಲಿಯಲು ಬೇರೆ ಪಾಠ ಬೇಕಿಲ್ಲ.

ಎರಡನೆಯ ದಿನ ಬೆಳಗ್ಗೆ ಪಟ್ಟಣದಿಂದ ಪ್ಯಾಶೆಂಡೇಲ್ ಗ್ರಾಮದ ಕಡೆಗೆ ನಡೆದು ಹೋಗುವುದು ಉಚಿತ. ಹನ್ನೆರಡು ಕಿಲೋಮೀಟರುಗಳ ಸುಮಾರಿನ ದಾರಿ. ಏರು ಎನ್ನಲು ಸಂಕೋಚವಾಗುವಷ್ಟು ಮೆಲ್ಲನೆಯ ಏರು. ಈ ಹಾದಿಯನ್ನು ಆರೋಗ್ಯವಂತನಾದ ಬಾಲಕನು ಒಂದು ಬೆಳಗಿನಲ್ಲಿ ಕ್ರಮಿಸಬಲ್ಲನು. 1917ರ ಜುಲೈ 31ರಂದು ಇದೇ ನೆಲದ ಮೇಲೆ ಮುನ್ನುಗ್ಗತೊಡಗಿದ ಬ್ರಿಟಿಷ್ ಸಾಮ್ರಾಜ್ಯದ ಸೈನ್ಯವು ಎಂಟು ಕಿಲೋಮೀಟರುಗಳಷ್ಟು ಮುಂದೆ ಬರಲು ನವೆಂಬರ್ 10ರವರೆಗೆ ಹೆಣಗಬೇಕಾಯಿತು. ಗುಂಡಿನ ಸುರಿಮಳೆಯಿಂದ ಹಳ್ಳಕಾಲುವೆಗಳು ಒಡೆದಿದ್ದವು. ಮೇಲಿನಿಂದ ಮಳೆ ಬಿಡದೆ ಸುರಿಯಿತು. ಕಾಲುಜಾರಿ ಗುಂಡಿಗೆ ಬಿದ್ದವನು ಅಲ್ಲಿಯೇ ಹೂತುಹೋದನು. ಎರಡೂ ಕಡೆ ಸತ್ತವರು, ಗಾಯಗೊಂಡವರು, ಕಾಣೆಯಾದವರು ಲಕ್ಷಗಟ್ಟಲೆ. ಹೀಗೆ ಗೆದ್ದ ನೆಲವನ್ನು ಮುಂದಿನ ವರ್ಷದ ಏಪ್ರಿಲ್‌ನಲ್ಲಿ ಬ್ರಿಟಿಷರು ತಾವಾಗಿಯೇ ಬಿಟ್ಟು ಹಿಂದೆ ಸರಿಯಬೇಕಾಯಿತು. ಭೂಪಟದ ಮೇಲೆ ಬೆರಳಗಲದ ಗೆರೆ ಸರಿದುದಕ್ಕೆ ತೆತ್ತ ಬೆಲೆ ಎಷ್ಟೆಂಬುದನ್ನು ಕಾಲುಗಳು ಅಳೆಯಬೇಕು. ಆದುದರಿಂದಲೇ ಇಲ್ಲಿ ವಾಹನವು ಪ್ರವಾಸಿಯ ಮಿತ್ರನಲ್ಲ.

ಆ ದಾರಿಯ ಕೊನೆಯಲ್ಲಿ ಟೈನ್ ಕಾಟ್ ಸಮಾಧಿಸ್ಥಳವಿದೆ. ಕಾಮನ್‌ವೆಲ್ತ್ ಸಮಾಧಿಸ್ಥಳಗಳಲ್ಲಿ ಜಗತ್ತಿಗೇ ದೊಡ್ಡದಾದ ಇದರಲ್ಲಿ ಸುಮಾರು 12,000 ಸಮಾಧಿಗಳಿವೆ. ಅವುಗಳಲ್ಲಿ 8,300ಕ್ಕೂ ಹೆಚ್ಚಿನವು ಹೆಸರಿಲ್ಲದವು. ಅಧಿಕಾರಿಯ ಕಲ್ಲೂ ಸಾಮಾನ್ಯ ಸೈನಿಕನ ಕಲ್ಲೂ ಒಂದೇ ಅಳತೆಯವು. ಸಿರಿವಂತರು ಮಕ್ಕಳಿಗೆ ದೊಡ್ಡ ಗೋರಿಯನ್ನು ಕಟ್ಟಿಸಿ, ಬಡವರು ಕಟ್ಟಿಸಲಾರದೆ ಹೋಗುವಂತಾಗಬಾರದೆಂದು ಆಯೋಗವು ಈ ನಿಯಮವನ್ನು ಮಾಡಿತು. ಬದುಕಿನಲ್ಲಿ ಇಲ್ಲದ ಸಮಾನತೆಯನ್ನು ಸಾವಿನಲ್ಲಾದರೂ ಕೊಟ್ಟರೆಂಬ ಸಮಾಧಾನ ಅಲ್ಲಿದೆ. ಬದುಕಿನಲ್ಲಿ ಏಕೆ ಕೊಡಲಿಲ್ಲವೆಂಬ ಪ್ರಶ್ನೆಯೂ ಇದೆ.

ಹೆಚ್ಚಿನ ಪ್ರವಾಸಿಗಳು ಇಷ್ಟಕ್ಕೆ ನಿಲ್ಲಿಸಿ ಮರಳುತ್ತಾರೆ. ಅವರ ಪ್ರವಾಸ ಅರ್ಧದಷ್ಟೇ ಆಯಿತೆಂದು ಹೇಳಬೇಕು. ಅಲ್ಲಿಂದ ಅನತಿದೂರದಲ್ಲಿ ಲಾಂಗೆಮಾರ್ಕ್ ಎಂಬಲ್ಲಿ ಜರ್ಮನ್ ಸೈನಿಕರ ಸಮಾಧಿಸ್ಥಳವಿದೆ. ಓಕ್ ಮರಗಳ ನೆರಳು, ನೆಲಕ್ಕೆ ಒರಗಿದ ಚಪ್ಪಟೆ ಕಲ್ಲುಗಳು. 44,000ಕ್ಕೂ ಹೆಚ್ಚು ಮಂದಿ ಅಲ್ಲಿ ಮಲಗಿದ್ದಾರೆ. ಅವರಲ್ಲಿ ಸುಮಾರು 25,000 ಮಂದಿ ಒಂದೇ ಸಾಮೂಹಿಕ ಗುಂಡಿಯಲ್ಲಿ. ಗೆದ್ದವರ ಸಮಾಧಿಗಳ ಬಿಳಿಯ ಬೆಳಕು ಇಲ್ಲಿಲ್ಲ. ಇನ್ನೂ ಮುಂದೆ ಹೋದರೆ ವ್ಲಾಡ್ಸ್ಲೊ ಎಂಬ ಇನ್ನೊಂದು ಜರ್ಮನ್ ಸಮಾಧಿಸ್ಥಳ. ಅಲ್ಲಿ ಮಂಡಿಯೂರಿ ಕುಳಿತ ತಂದೆತಾಯಿಯರ ಎರಡು ಶಿಲಾಮೂರ್ತಿಗಳಿವೆ. ಅವುಗಳನ್ನು ರೂಪಿಸಿದವರು ಜರ್ಮನಿಯ ಹೆಸರಾಂತ ಕಲಾವಿದೆ ಕೇಟೆ ಕೋಲ್ವಿಟ್ಸ್. ಅವರ ಕಿರಿಯ ಮಗ ಪೀಟರ್ ಹದಿನೆಂಟನೆಯ ವಯಸ್ಸಿನಲ್ಲಿ ಸೈನ್ಯಕ್ಕೆ ಸೇರಬಯಸಿದಾಗ ತಂದೆ ಒಪ್ಪಲಿಲ್ಲ. ತಾಯಿಯೇ ತಂದೆಯನ್ನು ಒಪ್ಪಿಸಿದರು. 1914ರ ಅಕ್ಟೋಬರಿನಲ್ಲಿ ಮಗನು ಫ್ಲಾಂಡರ್ಸ್ ಪ್ರದೇಶದಲ್ಲಿ ಮಡಿದನು. ಅವನ ಸ್ಮಾರಕವನ್ನು ರೂಪಿಸಲು ತಾಯಿಗೆ ಸುಮಾರು ಹದಿನೆಂಟು ವರ್ಷಗಳು ಬೇಕಾದವು. 1932ರಲ್ಲಿ ಮೂರ್ತಿಗಳು ಸಿದ್ಧವಾದವು. ಮಗನು ಬದುಕಿದಷ್ಟೇ ವರ್ಷಗಳನ್ನು ಆ ತಾಯಿ ಅವನ ಶೋಕವನ್ನು ಕಡೆಯುತ್ತ ಕಳೆದಳೆನ್ನಬಹುದು. ಆ ಮೂರ್ತಿಗಳಲ್ಲಿ ವೀರನಿಲ್ಲ, ಧ್ವಜವಿಲ್ಲ, ಕತ್ತಿಯಿಲ್ಲ. ತೋಳುಗಳಿಂದ ತನ್ನನ್ನೇ ಬಿಗಿಹಿಡಿದುಕೊಂಡ ತಂದೆಯೊಬ್ಬ, ತಲೆತಗ್ಗಿಸಿದ ತಾಯಿಯೊಬ್ಬಳು, ಅಷ್ಟೆ.

ಶತ್ರುವಿನ ಸಮಾಧಿಗೆ ಏಕೆ ತಲೆಬಾಗಬೇಕೆಂದು ಕೇಳಬಹುದು. ಕನ್ನಡದ ಓದುಗರಿಗೆ ಇದರ ಉತ್ತರ ಹೊಸದಲ್ಲ. ಹತ್ತನೆಯ ಶತಮಾನದ ಕವಿ ರನ್ನನು ತನ್ನ ಗದಾಯುದ್ಧ ಕಾವ್ಯದಲ್ಲಿ ದುರ್ಯೋಧನನನ್ನು ಕುರುಕ್ಷೇತ್ರದ ಹೆಣಗಳ ನಡುವೆ ನಡೆಸುತ್ತಾನೆ. ತನ್ನವರ ದೇಹಗಳನ್ನು ಕಂಡು ಗೋಳಿಡುವ ದುರ್ಯೋಧನನು ಬಾಲಕ ಅಭಿಮನ್ಯುವಿನ ದೇಹದ ಮುಂದೆಯೂ ನಿಲ್ಲುತ್ತಾನೆ. ಹಗೆಯ ಮಗನ ಶೌರ್ಯವನ್ನು ಮನಸಾರೆ ಕೊಂಡಾಡುತ್ತಾನೆ. ಛಲಕ್ಕೆ ಹೆಸರಾದ ದುರ್ಯೋಧನನಿಗೆ ಸಾಧ್ಯವಾದುದು ಒಂದು ಶತಮಾನದ ಬಳಿಕ ಬರುವ ಪ್ರವಾಸಿಗೆ ಅಸಾಧ್ಯವಾಗಬೇಕೆ? 1984ರ ಸೆಪ್ಟೆಂಬರ್ 22ರಂದು ಫ್ರಾನ್ಸಿನ ಅಧ್ಯಕ್ಷ ಮಿತೆರಾಂ ಮತ್ತು ಜರ್ಮನಿಯ ಚಾನ್ಸಲರ್ ಕೋಲ್ ವರ್ದಾಂ ಪ್ರದೇಶದ ಅಸ್ಥಿಮಂದಿರದ ಮುಂದೆ ಕೈ ಕೈ ಹಿಡಿದು ನಿಂತರು. ಮೂರು ತಲೆಮಾರುಗಳ ವೈರವನ್ನು ಕಳೆಯಲು ಸತ್ತವರ ಸನ್ನಿಧಿಗಿಂತ ಯೋಗ್ಯವಾದ ಸ್ಥಳ ಅವರಿಗೆ ಕಾಣಲಿಲ್ಲ. ಒಂದೇ ಪಕ್ಷದ ಸಮಾಧಿಗಳನ್ನು ಕಂಡು ಬಂದವನ ಎದೆಯಲ್ಲಿ ಹಳೆಯ ಹಗೆ ಮತ್ತೆ ಹೊಗೆಯಾಡಬಹುದು. ಎರಡೂ ಪಕ್ಷಗಳ ಸಮಾಧಿಗಳನ್ನು ಕಂಡವನಲ್ಲಿ ಅದು ಆರುತ್ತದೆ.

ಮೂರನೆಯ ದಿನ ಗಡಿಯನ್ನು ದಾಟಿ ನ್ಯೂವ್ ಶಾಪೆಲ್ ಗ್ರಾಮಕ್ಕೆ ಹೋಗಬೇಕು. ಭಾರತದಿಂದ ಬರುವ ಪ್ರವಾಸಿಯು ಬೇರೆ ಯಾವುದನ್ನು ಬಿಟ್ಟರೂ ಇದನ್ನು ಬಿಡತಕ್ಕದ್ದಲ್ಲ. 1914ರ ಸೆಪ್ಟೆಂಬರ್ ತಿಂಗಳ ಕೊನೆಯಲ್ಲಿ ಭಾರತೀಯ ಸೈನಿಕರು ಮಾರ್ಸೇಲ್ ಬಂದರಿನಲ್ಲಿ ಇಳಿದರು. ಉಷ್ಣದೇಶದ ಉಡುಪಿನಲ್ಲಿ ಬಂದ ಅವರನ್ನು ಯೂರೋಪಿನ ಚಳಿಗಾಲದ ಕಂದಕಗಳಿಗೆ ಕಳುಹಿಸಲಾಯಿತು. ಅಕ್ಟೋಬರ್ 31ರಂದು ಈಪ್ರದ ಬಳಿಯ ಹೊಲೆಬೆಕೆಯಲ್ಲಿ ತನ್ನ ಬಂದೂಕುಪಡೆಯ ಸಂಗಡಿಗರೆಲ್ಲರೂ ಸತ್ತರೂ ಹೋರಾಡಿದ ಖುದಾದಾದ್ ಖಾನ್ ಅವರು ವಿಕ್ಟೋರಿಯಾ ಕ್ರಾಸ್ ಪದಕವನ್ನು ಪಡೆದ ಮೊದಲ ಭಾರತೀಯ ಸೈನಿಕರು. 1915ರ ಏಪ್ರಿಲ್ 22ರಂದು ಜರ್ಮನರು ಈಪ್ರದ ಬಳಿ ಕ್ಲೋರಿನ್ ವಿಷಾನಿಲವನ್ನು ದೊಡ್ಡ ಪ್ರಮಾಣದಲ್ಲಿ ಪ್ರಯೋಗಿಸಿದ ನಾಲ್ಕೇ ದಿನಗಳಲ್ಲಿ ಲಾಹೋರ್ ವಿಭಾಗದ ಸೈನಿಕರು ಅದೇ ನೆಲದಲ್ಲಿ ಮುನ್ನುಗ್ಗಿ ಅಪಾರ ನಷ್ಟಕ್ಕೆ ಗುರಿಯಾದರು.

ಅದಕ್ಕೂ ಮೊದಲು, ಅದೇ ವರ್ಷದ ಮಾರ್ಚ್ 10ರಿಂದ 13ರವರೆಗೆ, ನ್ಯೂವ್ ಶಾಪೆಲ್ ಕದನ ನಡೆಯಿತು. ದಾಳಿ ಮಾಡಿದ ಸೈನ್ಯದ ಸುಮಾರು ಅರ್ಧಭಾಗ ಭಾರತೀಯ ಸೇನಾದಳಕ್ಕೆ ಸೇರಿದುದು. ಮೊದಲ ದಿನವೇ ಗ್ರಾಮವು ಕೈವಶವಾಯಿತು. ಅನಂತರ ಮುನ್ನಡೆ ನಿಂತಿತು. ಗಢವಾಲಿನ ಗಬ್ಬರ್ ಸಿಂಗ್ ನೇಗಿಯವರು ಮೊದಲ ದಿನವೇ ಮಡಿದರು. ಅವರಿಗೆ ಮರಣಾನಂತರ ವಿಕ್ಟೋರಿಯಾ ಕ್ರಾಸ್ ದೊರೆಯಿತು. 1927ರ ಅಕ್ಟೋಬರ್ 7ರಂದು ಅಲ್ಲಿ ಭಾರತೀಯ ಸ್ಮಾರಕ ಅನಾವರಣಗೊಂಡಿತು. ಹರ್ಬರ್ಟ್ ಬೇಕರ್ ಅವರು ರೂಪಿಸಿದ ಆ ವರ್ತುಲಾಕಾರದ ಪ್ರಾಕಾರಕ್ಕೆ ಭಾರತದ ಕಟ್ಟಡಗಳಲ್ಲಿರುವಂತಹ ಕಲ್ಲಿನ ಜಾಲಂಧ್ರಗಳಿವೆ; ಕಮಲವನ್ನು ಶಿರದಲ್ಲಿ ಹೊತ್ತ ಸ್ತಂಭವಿದೆ; ಸ್ತಂಭದ ಇಕ್ಕೆಲಗಳಲ್ಲಿ ಕಲ್ಲಿನ ಹುಲಿಗಳಿವೆ. ಸಮಾಧಿಯಿಲ್ಲದ 4,700ಕ್ಕೂ ಹೆಚ್ಚು ಭಾರತೀಯ ಸೈನಿಕರ ಮತ್ತು ಕೂಲಿಗಳ ಹೆಸರುಗಳು ಅಲ್ಲಿ ಕೆತ್ತಲ್ಪಟ್ಟಿವೆ. ಫ್ರಾನ್ಸಿನ ಗೋಧಿಹೊಲಗಳ ನಡುವೆ ಸಿಂಗ್, ಖಾನ್, ಗುರುಂಗ್, ಥಾಪಾ ಎಂಬ ಹೆಸರುಗಳನ್ನು ಓದುವಾಗ ದೂರದ ಊರಿನಲ್ಲಿ ಕಾಗದಕ್ಕಾಗಿ ಕಾದು ಕುಳಿತ ಮನೆಗಳು ಕಣ್ಣಮುಂದೆ ಸುಳಿಯದಿರವು.

ಇಲ್ಲಿ ಇನ್ನೊಂದು ಆಕ್ಷೇಪ ಏಳುತ್ತದೆ. ಆ ಸೈನಿಕರು ಕಾದಿದುದು ತಮ್ಮನ್ನು ಆಳುತ್ತಿದ್ದವರಿಗಾಗಿ. ತಿಂಗಳಿಗೆ 11 ರೂಪಾಯಿಗಳ ಸಂಬಳಕ್ಕಾಗಿ. ಅದು ಭಾರತದ ಯುದ್ಧವಲ್ಲ. ಅದನ್ನು ಸ್ವತಂತ್ರ ಭಾರತದ ಪ್ರಜೆಯು ಏಕೆ ನೆನೆಯಬೇಕು? ಯುದ್ಧ ಮುಗಿದ ಮರುವರ್ಷವೇ, 1919ರ ಏಪ್ರಿಲ್ 13ರಂದು, ಜಲಿಯನ್‌ವಾಲಾ ಬಾಗಿನಲ್ಲಿ ಗುಂಡಿನ ಮಳೆಗರೆದು ಸಾಮ್ರಾಜ್ಯವು ತನ್ನ ಕೃತಜ್ಞತೆಯನ್ನು ತೋರಿತಲ್ಲವೆ? ಈ ಮಾತುಗಳಲ್ಲಿ ಸುಳ್ಳಿಲ್ಲ. ಆದರೆ ಸೈನಿಕನನ್ನು ನೆನೆಯುವುದೆಂದರೆ ಅವನನ್ನು ಕಳುಹಿಸಿದವರನ್ನು ಹೊಗಳುವುದೆಂದು ಅರ್ಥವಲ್ಲ. ಆ ಮಹಾಯುದ್ಧದಲ್ಲಿ ಸುಮಾರು 13 ಲಕ್ಷ ಭಾರತೀಯರು ಸಾಗರವನ್ನು ದಾಟಿ ದುಡಿದರು. 74,000ಕ್ಕೂ ಹೆಚ್ಚು ಮಂದಿ ಮಡಿದರು. ಸಾಮ್ರಾಜ್ಯವು ಅವರನ್ನು ಮರೆತುದೂ ಉಂಟು. ಆಫ್ರಿಕ ಮತ್ತು ಮಧ್ಯಪ್ರಾಚ್ಯಗಳಲ್ಲಿ ಮಡಿದ ಭಾರತೀಯರು, ಆಫ್ರಿಕನರು ಮೊದಲಾದವರಲ್ಲಿ ಕನಿಷ್ಠ 1,16,000 ಮಂದಿಯ ಹೆಸರು ಯಾವ ಸ್ಮಾರಕದಲ್ಲಿಯೂ ಇಲ್ಲವೆಂದು, ಸಮಾಧಿ ಆಯೋಗವೇ ನೇಮಿಸಿದ್ದ ಸಮಿತಿಯೊಂದು 2021ರಲ್ಲಿ ವರದಿ ಮಾಡಿತು. ಆಯೋಗವು ಕ್ಷಮೆ ಯಾಚಿಸಿತು. ಆಳಿದವರು ಮರೆತವರನ್ನು ಸ್ವದೇಶದವರೂ ಮರೆತರೆ ಆ ಬಡಪಾಯಿಗಳಿಗೆ ಎರಡು ಬಾರಿ ಅನ್ಯಾಯವಾದಂತಾಗುತ್ತದೆ.

ಅದೇ ದಿನ, ಇನ್ನೂ ದಕ್ಷಿಣಕ್ಕೆ, ನೋತ್ರ್ ದಾಮ್ ದ ಲೊರೆತ್ ಎಂಬ ದಿಬ್ಬದ ಮೇಲಿರುವ ಸ್ಮರಣೆಯ ಬಳೆ ಎಂಬ ಸ್ಮಾರಕದಲ್ಲಿ ಪ್ರವಾಸವನ್ನು ಮುಗಿಸುವುದು ಒಳಿತು. 2014ರ ನವೆಂಬರ್ 11ರಂದು ಉದ್ಘಾಟನೆಗೊಂಡ ಈ ಮಹಾವಲಯದ ಒಳಮೈಯಲ್ಲಿ ಫ್ರಾನ್ಸಿನ ಆ ಉತ್ತರ ಪ್ರದೇಶದಲ್ಲಿ ಮಡಿದ ಸುಮಾರು 5,80,000 ಮಂದಿಯ ಹೆಸರುಗಳಿವೆ. ದೇಶವಿಲ್ಲ, ಪದವಿಯಿಲ್ಲ, ಧರ್ಮವಿಲ್ಲ, ಅಕ್ಷರಮಾಲೆಯ ಕ್ರಮವೊಂದೇ. ಜರ್ಮನನ ಹೆಸರಿನ ಪಕ್ಕದಲ್ಲಿ ಇಂಗ್ಲಿಷರವನ ಹೆಸರು, ಅದರ ಕೆಳಗೆ ಫ್ರೆಂಚನದು, ಬೇರೊಂದೆಡೆ ಭಾರತೀಯನದು. ಹಳೆಯ ಸ್ಮಾರಕಗಳಿಗೂ ಇದಕ್ಕೂ ನಡುವೆ ಸುಮಾರು ತೊಂಬತ್ತು ವರ್ಷಗಳ ಅಂತರವಿದೆ. ಗೆದ್ದವರು ಯಾರೆಂದು ಹೇಳುವ ಆತುರ ಕಳೆದು, ಸತ್ತವರು ಯಾರೆಂದು ಹೇಳುವ ತಾಳ್ಮೆ ಬರಲು ಮನುಷ್ಯನಿಗೆ ಅಷ್ಟು ಕಾಲ ಹಿಡಿಯಿತು.

ಈ ನೆಲದಲ್ಲಿ ಪ್ರವಾಸಿಯು ಪಾಲಿಸಬೇಕಾದ ಕೆಲವು ನಡವಳಿಕೆಗಳಿವೆ. ಸಮಾಧಿಗಳ ಮೇಲೆ ಕುಳಿತುಕೊಳ್ಳದಿರುವುದು, ಗಟ್ಟಿಯಾಗಿ ನಗದಿರುವುದು ಹೇಳಿಕೊಡಬೇಕಾದ ಸಂಗತಿಗಳಲ್ಲ. ಆದರೆ ನೆನಪಿಗೆಂದು ಹೊಲದಿಂದ ಯಾವ ಲೋಹದ ಚೂರನ್ನೂ ಎತ್ತಿಕೊಳ್ಳಬಾರದು. ನೇಗಿಲಿಗೆ ಸಿಕ್ಕುವ ಹಳೆಯ ಗುಂಡುಗಳನ್ನು ಅಲ್ಲಿಯ ರೈತರು ಕಬ್ಬಿಣದ ಬೆಳೆ ಎಂದು ಕರೆಯುತ್ತಾರೆ. ಬೆಲ್ಜಿಯಮ್ಮಿನ ಸೈನ್ಯದ ತಜ್ಞರು ಪ್ರತಿವರ್ಷವೂ ನೂರಕ್ಕೂ ಹೆಚ್ಚು ಟನ್ನುಗಳಷ್ಟು ಇಂತಹ ಮದ್ದುಗುಂಡುಗಳನ್ನು ಸಂಗ್ರಹಿಸಿ ನಾಶಗೊಳಿಸುತ್ತಾರೆ. ಅವುಗಳಲ್ಲಿ ವಿಷಾನಿಲ ತುಂಬಿದವೂ ಇವೆ. ನೂರು ವರ್ಷಗಳ ಹಿಂದೆ ಹಾರಿಸಿದ ಗುಂಡು ಇಂದಿನ ರೈತನನ್ನು ಕೊಲ್ಲಬಲ್ಲುದು. ಯುದ್ಧವನ್ನು ಆರಂಭಿಸುವ ದಿನವನ್ನು ಮನುಷ್ಯರು ನಿಶ್ಚಯಿಸಬಹುದು. ಅದು ಮುಗಿಯುವ ದಿನವನ್ನು ಅವರು ನಿಶ್ಚಯಿಸಲಾರರು.

ಇಷ್ಟು ದೂರ ಹೋಗಿಬರುವ ಅನುಕೂಲ ಎಲ್ಲರಿಗೂ ಇರುವುದಿಲ್ಲ. ಆದರೆ ಇದೇ ಕ್ರಮದಲ್ಲಿ, ಅಂದರೆ ಕೊಂಚವನ್ನೇ ಆರಿಸಿ, ತಿಳಿದು, ನಡೆದು, ಹೆಸರನ್ನು ಓದಿ ನೋಡುವ ಅಭ್ಯಾಸವನ್ನು ಸ್ವಂತ ಊರಿನಲ್ಲಿಯೂ ಬೆಳೆಸಿಕೊಳ್ಳಬಹುದು. ಮೈಸೂರು ಸಂಸ್ಥಾನದ ಅಶ್ವಪಡೆಯು 1914ರಲ್ಲಿ ಈಜಿಪ್ಟಿಗೆ ಹೋಯಿತು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಅಶ್ವಪಡೆಯೊಡನೆ ಇಂದಿನ ಇಸ್ರೇಲಿನಲ್ಲಿರುವ ಹೈಫಾ ನಗರವನ್ನು ಗೆದ್ದುಕೊಂಡಿತು. ದೆಹಲಿಯ ತೀನ್ ಮೂರ್ತಿಯಲ್ಲಿ ನಿಂತ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನ ಸೈನಿಕನದು. ಆ ಪಡೆಯ ಸ್ಮಾರಕವು ಬೆಂಗಳೂರಿನಲ್ಲಿಯೂ ಇದೆ. ದಿನವೂ ಅದರ ಪಕ್ಕದಲ್ಲಿ ಸಾವಿರಾರು ಜನ ಹಾದುಹೋಗುತ್ತಾರೆ, ನಿಂತು ಓದುವವರು ವಿರಳ. ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಊರಿನ ದನಗಳನ್ನು ಬಿಡಿಸಲು ಹೋಗಿ ಮಡಿದವರ ವೀರಗಲ್ಲುಗಳು ಮಣ್ಣಿನಲ್ಲಿ ಅರ್ಧ ಹೂತು ನಿಂತಿವೆ. ಅವುಗಳ ಮೇಲಿನ ಮಣ್ಣನ್ನು ಒರಸಿ ಹೆಸರನ್ನು ಓದುವ ವಿದ್ಯಾರ್ಥಿಯು ಫ್ಲಾಂಡರ್ಸಿಗೆ ಹೋದ ಪ್ರವಾಸಿಗಿಂತ ಕಡಮೆಯ ಯಾತ್ರಿಕನೇನೂ ಅಲ್ಲ. ಸತ್ತವರು ಕೇಳುವುದು ಹೊಗಳಿಕೆಯನ್ನಲ್ಲ, ತಮ್ಮ ಹೆಸರನ್ನು ಒಬ್ಬರಾದರೂ ನಿಂತು ಓದಬೇಕೆಂಬುದನ್ನು. ಓದಿದವನು ಮತ್ತೊಂದು ಯುದ್ಧದ ಮಾತು ಬಂದಾಗ ಕ್ಷಣಕಾಲ ತಡೆದು ಯೋಚಿಸುವನಾದರೆ, ಅವನ ಪಯಣವು ದೂರದ್ದಾಗಲಿ ಹತ್ತಿರದ್ದಾಗಲಿ, ಸಾರ್ಥಕವಾಯಿತೆಂದೇ ತಿಳಿಯಬೇಕು.